ಬೀಗಿತ್ತಿ ಕಳೆದ ದುಡ್ಡು

ಮಾರ್ಚ್ ೩, ಸೋಮವಾರ

ಅಂತೂ ಒಪ್ಪಿಕೊಂಡುಬಿಟ್ಟೆ. ಮಗಳು ಹದಿನೈದು ದಿನದಿಂದ ಫೋನಿನಲ್ಲಿ ಪ್ರಾಣ ತಿನ್ನುತ್ತಿದ್ದಳು. ಅವಳ ಅತ್ತೆ ಮಾವ ಅವರ ದೇಶದಿಂದ ಬರುತ್ತಾರಂತೆ, ಸಮುದ್ರದ ದಂಡೆಯ ಒಂದು ಊರಿನಲ್ಲಿ ವಾರವಿಡೀ ಎಲ್ಲರೂ ಒಟ್ಟಿಗೆ ಇರಬೇಕಂತೆ.

"ಯಾರ ಮದುವೆ?" ಎಂದೆ.

"ಯಾರದ್ದೂ ಇಲ್ಲ ಅಮ್ಮ."

"ಮತ್ತೆ ಯಾರಿಗೆ ಹುಷಾರಿಲ್ಲ?"

"ಯಾರಿಗೂ ಏನೂ ಆಗಿಲ್ಲ. ಸುಮ್ನೆ ಹೋಗೋದು."

ಸುಮ್ಮನೆ ಹೋಗುವುದು! ಇಪ್ಪತ್ತೆಂಟು ವರ್ಷದಿಂದ ಸೂಟ್‌ಕೇಸ್ ರಿಪೇರಿ ಅಂಗಡಿ ಇಟ್ಟುಕೊಂಡು ಕೂತಿದ್ದೇನೆ. ಸುಮ್ಮನೆ ಹೋಗಿ ಬಂದವರ ಮುರಿದ ಚಕ್ರ, ಕಿತ್ತುಬಂದ ಜಿಪ್ಪು, ಹರಿದ ಒಳಪದರದ ಬಟ್ಟೆಗಳೇ ನಮ್ಮ ಮನೆ ನಡೆಸಿದ್ದು. ಹೋಗುವವರು ಧಾರಾಳವಾಗಿ ಹೋಗಲಿ, ಬೇಡವೆನ್ನುವುದಿಲ್ಲ. ನಾನೇ ಹೋಗುವುದೆಂದರೆ ಡಾಕ್ಟರೇ ಹೋಗಿ ರೋಗಿಯ ಮಂಚದ ಮೇಲೆ ಮಲಗಿಕೊಂಡ ಹಾಗೆ. ಇನ್ನು ಇವರು, ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ಲಿಫ್ಟು ನಡೆಸಿ ಹೋದ ವರ್ಷ ನಿವೃತ್ತರಾದವರು. ಮೇಲೆ ಕೆಳಗೆ ಬಿಟ್ಟರೆ ಬೇರೆ ಪ್ರಯಾಣ ಕಂಡವರಲ್ಲ.

ಒಪ್ಪಿದ್ದು ಯಂತ್ರದ ಆಸೆಗೆ. ಬಲಗೈ ಹೆಬ್ಬೆರಳಿನ ಗಂಟು ಊದಿಕೊಂಡು ವರ್ಷವಾಯಿತು. ದಪ್ಪ ಚರ್ಮಕ್ಕೆ ದಬ್ಬಣ ಚುಚ್ಚಿ ದಾರ ಎಳೆಯುವಾಗ ಕಣ್ಣಲ್ಲಿ ನೀರು ಬರುತ್ತದೆ. "ಹೊಲಿಯೋ ಯಂತ್ರ ತಗೊಳ್ಳಿ, ಇಲ್ಲಾ ಅಂಗಡಿ ಮುಚ್ಚಿ," ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಆ ಸಮುದ್ರದ ಊರಿನಲ್ಲೇ ಹಳೆಯ ಯಂತ್ರ ಮಾರುವ ವ್ಯಾಪಾರಿ ಇದ್ದಾನೆ. ಚರ್ಮ ಹೊಲಿಯುವ ಮೋಟಾರಿನ ಯಂತ್ರವೊಂದು ಅವನಲ್ಲಿ ಬಂದಿದೆ. ಮೂರು ವರ್ಷ ಕೂಡಿಟ್ಟ ದುಡ್ಡನ್ನು ನನ್ನ ಕೈಚೀಲದ ಒಳಬಟ್ಟೆಯ ಹಿಂದೆ ಸೇರಿಸಿ ಹೊಲಿದಿದ್ದೇನೆ. ಕಳ್ಳನಿಗಿರಲಿ, ಇವರಿಗೂ ಸಿಗುವುದಿಲ್ಲ.

ಮಗಳು ಒಂದು ಭಾಷೆ ತೆಗೆದುಕೊಂಡಿದ್ದಾಳೆ. "ಅಮ್ಮ, ಅಲ್ಲಿರೋ ಅಷ್ಟು ದಿನ ದುಡ್ಡಿನ ಮಾತು ಎತ್ತಬಾರದು. ಅದಕ್ಕೆಷ್ಟು, ಇದಕ್ಯಾಕಿಷ್ಟು, ಒಂದೂ ಬೇಡ. ನನ್ನ ಮಾನ ನಿನ್ನ ಕೈಲಿದೆ." ಬೀಗರ ಮುಂದೆ ಬಾಯಿಗೆ ಬೀಗ. ಆಯಿತು ಎಂದೆ.

ಮಾರ್ಚ್ ೫, ಬುಧವಾರ

ತಿಂಡಿ ಡಬ್ಬಿ ನಾಲ್ಕು. ಕುಡಿಯುವ ನೀರು ಆರು ಬಾಟಲಿ. ಅಲ್ಲಿ ನೀರನ್ನು ಎಷ್ಟಕ್ಕೆ ಮಾರುತ್ತಾರೋ ಏನೋ. (ಇಲ್ಲಿ ಬರೆಯಬಹುದು. ಭಾಷೆ ಕೊಟ್ಟದ್ದು ಬಾಯಿಗೆ ಮಾತ್ರ.)

ಮಾರ್ಚ್ ೬, ಗುರುವಾರ

ಬಂದು ಸೇರಿದೆವು. ಈ ಬೀಗರು ಎಂಥವರೆಂದೇ ತಿಳಿಯುವುದಿಲ್ಲ. ಮದುವೆಯ ಗಡಿಬಿಡಿಯಲ್ಲಿ ನೋಡಿದ್ದಷ್ಟೇ. ಇವತ್ತು ಎದುರಿಗೆ ಕೂತು ನೋಡಿದರೆ, ಬೀಗರ ಕೋಟಿನ ಎರಡೂ ಮೊಣಕೈಗೆ ತೇಪೆ. ಬೀಗಿತ್ತಿಯವರ ಕೈಚೀಲವಂತೂ ನನ್ನಂಥವಳ ಅಂಗಡಿಗೆ ಹತ್ತು ವರ್ಷದ ಹಿಂದೆಯೇ ಬರಬೇಕಿತ್ತು. ಪಾಪ, ಕಷ್ಟದಲ್ಲಿದ್ದಾರೆ ಎಂದುಕೊಂಡು ಒಂದು ತಿಂಡಿ ಡಬ್ಬಿ ಪೂರ್ತಿ ಅವರಿಗೇ ಕೊಟ್ಟೆ.

ಆಮೇಲೆ ಗೊತ್ತಾಯಿತು, ಅವರದ್ದು ಸಮುದ್ರಕ್ಕೆ ಕಿಟಕಿ ಇರುವ ಕೋಣೆ. ಹಿತ್ತಲ ಕಡೆಯದಕ್ಕಿಂತ ಎರಡರಷ್ಟು ಬಾಡಿಗೆ! ನಮ್ಮದು ಹಿತ್ತಲ ಕಡೆ. ಬಾಡಿಗೆ ಕೊಡುವವಳು ಮಗಳು, ಆದರೂ ನಾನೇ ಹಠ ಹಿಡಿದು ಹಾಕಿಸಿಕೊಂಡೆ. ನಮ್ಮ ಕಿಟಕಿ ತೆಗೆದರೆ ಒಗೆದ ಹಾಸಿಗೆ ಬಟ್ಟೆಗಳು ಸಾಲಾಗಿ ಒಣಗುವುದು ಕಾಣುತ್ತದೆ. ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ, ಬೇಕಾದವರು ನಾಲ್ಕು ಹೆಜ್ಜೆ ನಡೆದು ನೋಡಿಕೊಂಡು ಬರಬಹುದು.

ಸಂಜೆ ದಂಡೆಗೆ ಹೋದೆವು. ಅಲ್ಲಿ ದೊಡ್ಡ ಕೊಡೆಗಳ ಕೆಳಗೆ ಒರಗುಕುರ್ಚಿ ಹಾಕಿದ್ದಾರೆ. ಕೂತರೆ ಗಂಟೆಗಿಷ್ಟು ಬಾಡಿಗೆಯಂತೆ. ಕೂರುವುದಕ್ಕೆ ದುಡ್ಡು! ಬೀಗರಿಬ್ಬರೂ ಹಾಯಾಗಿ ಒರಗಿ, ಬಾ ಬಾ ಎಂದು ನನ್ನನ್ನೂ ಕರೆದರು. "ನಂಗೆ ಕೂತು ಅಭ್ಯಾಸ ಇಲ್ಲ," ಎಂದು ಎರಡು ಗಂಟೆ ನಿಂತೇ ಇದ್ದೆ. ಇವರು ಮರಳಿನ ಮೇಲೆ ಕೂತರು. ಮರಳು ಇನ್ನೂ ಪುಕ್ಕಟೆ. ಕಾಲು ನೋಯುತ್ತಿದೆ, ಇಷ್ಟೇ ಸಾಕು.

ಮಾರ್ಚ್ ೭, ಶುಕ್ರವಾರ

ಬೀಗಿತ್ತಿಯವರು ಸೊಸೆಗಾಗಿ ಫೋನು ನೋಡಿಕೊಂಡು ಕನ್ನಡ ಕಲಿಯುತ್ತಿದ್ದಾರೆ. ಬೆಳಗ್ಗೆ ತಿಂಡಿಗೆ ಬಂದವರೇ ಹೊಟ್ಟೆ ಸವರಿಕೊಂಡು, "ನಾನು ದೊಡ್ಡ ಹಸು," ಎಂದರು. ಇವರು ಪೇಪರನ್ನು ಮುಖದ ತನಕ ಎತ್ತಿದರು, ಪೇಪರು ಗಡಗಡ ನಡುಗುತ್ತಿತ್ತು. ಹಸುವಲ್ಲ, ಹಸಿವು ಎಂದು ಮಗಳು ತಿದ್ದಿದಳು. ಬೀಗಿತ್ತಿಯವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಅದು ನನಗೆ ಹಿಡಿಸಿತು.

ಹಿಡಿಸದೆ ಇದ್ದದ್ದು ಚಹಾ ಅಂಗಡಿಯಲ್ಲಿ ನಡೆದದ್ದು. ಆರು ಜನ ಚಹಾ ಕುಡಿದೆವು. ಅಳಿಯ ತನ್ನ ಚಹಾದ ದುಡ್ಡು ಕೊಟ್ಟ. ಅವನ ತಾಯಿ ತಮ್ಮ ಹರಿದ ಚೀಲದಿಂದ ಚಿಲ್ಲರೆ ತೆಗೆದು ತಮ್ಮದನ್ನು ಕೊಟ್ಟರು. ಅಪ್ಪ ಅವರದ್ದು. ಹೆತ್ತ ತಾಯಿಯ ಒಂದು ಲೋಟ ಚಹಾ! ನಮ್ಮ ಕಡೆ ಬಿಲ್ಲು ಬಂದರೆ ನಾನು ತಾನು ಎಂದು ಕಿತ್ತಾಟ. ಒಮ್ಮೆ ಇವರೂ ನನ್ನ ಅಣ್ಣನೂ ಎಳೆದಾಡಿ ಬಿಲ್ಲೇ ಹರಿದು ಎರಡಾಗಿತ್ತು. ಇಲ್ಲಿ ನೋಡಿದರೆ ಯಾರ ಮುಖದಲ್ಲೂ ಏನೂ ಇಲ್ಲ. ನಾನು ಅವಸರದಲ್ಲಿ ಮೂವರದ್ದೂ ಕೊಟ್ಟು ಮಗಳ ಮಾನ ಉಳಿಸಿದೆ. ಅಳಿಯನದ್ದು ಆಗಲೇ ಆಗಿಹೋಗಿತ್ತು.

ಸಂಜೆ, ಕನ್ನಡ ಚೆನ್ನಾಗಿ ಕಲಿತಿರುವ ಅಳಿಯನನ್ನು ನಡುವೆ ಕೂರಿಸಿಕೊಂಡು ಬೀಗಿತ್ತಿಯವರು ನನ್ನನ್ನು ಮಾತಿಗೆಳೆದರು.

"ಮದುವೆಗೆ ಆರುನೂರು ಜನ ಬಂದಿದ್ರಲ್ಲ, ಅವರೆಲ್ಲ ನಿಮಗೆ ಗೊತ್ತಾ ಅಂತ ಕೇಳ್ತಿದಾರೆ."

"ಅರ್ಧ ಜನ ಗೊತ್ತು," ಎಂದೆ.

"ಉಳಿದೋರು?"

"ಗೊತ್ತಿರೋರಿಗೆ ಗೊತ್ತಿರೋರು."

ಬೀಗಿತ್ತಿಯವರು ಎದೆ ಹಿಡಿದುಕೊಂಡರು. ಆ ದುಡ್ಡಿನಲ್ಲಿ ನಾವಾಗಿದ್ದರೆ ಭೂಮಿಯನ್ನು ಒಂದು ಸುತ್ತು ಹಾಕಿ ಬರುತ್ತಿದ್ದೆವು ಎಂದರಂತೆ.

"ಸುತ್ತು ಹಾಕಿ ಎಲ್ಲಿಗೆ ಬರ್ತಾರೆ ಕೇಳಪ್ಪ," ಎಂದೆ.

"ಮನೆಗೆ."

"ನಾವು ಅಲ್ಲೇ ಇದ್ವಲ್ಲ!"

ಅಳಿಯ ಇದನ್ನು ಅವರ ಭಾಷೆಗೆ ಹೇಳಿ ಮುಗಿಸುವುದರೊಳಗೆ ಅವರು ನಗಲು ಶುರು ಮಾಡಿದರು. ನನ್ನ ತೋಳು ಹಿಡಿದುಕೊಂಡು ನಕ್ಕರು. ನಾನೇನು ತಮಾಷೆಗೆ ಹೇಳಿದ್ದಲ್ಲ.

ಮಾರ್ಚ್ ೮, ಶನಿವಾರ

ಯಂತ್ರ ನೋಡಿದೆ! ಇವರೂ ನಾನೂ ಬೆಳಗ್ಗೆಯೇ ಹೋಗಿದ್ದೆವು. ಮೋಟಾರು, ಪೆಡಲು, ಕಬ್ಬಿಣದ ಕಾಲಿನ ಮೇಜು, ಎಲ್ಲಾ ಸೇರಿಯೇ ಬೆಲೆ. ಎಂಟು ಪದರ ಚರ್ಮ ಮಡಿಸಿ ಕೊಟ್ಟೆ. ಗಿರ್ ಅಂತ ಒಂದೇ ಓಟಕ್ಕೆ ಹೊಲಿದು ಕೊಟ್ಟಿತು. ನನಗೆ ಅರ್ಧ ದಿನದ ಕೆಲಸ, ಹೆಬ್ಬೆರಳಿಗೆ ಒಂದು ವಾರದ ನೋವು. ಯಂತ್ರದವನು ಒಂದು ಬಿಡಿಭಾಗ ಬದಲಿಸಬೇಕು, ಮಂಗಳವಾರ ದುಡ್ಡು ತಂದು ತೆಗೆದುಕೊಂಡು ಹೋಗಿ ಎಂದ.

ಇನ್ನೂ ಹತ್ತು ವರ್ಷ ಅಂಗಡಿ ಮುಚ್ಚುವ ಮಾತಿಲ್ಲ.

ಮಾರ್ಚ್ ೯, ಭಾನುವಾರ

ಮಧ್ಯಾಹ್ನ ಎಲ್ಲರೂ ನೀರಿಗಿಳಿದಿದ್ದರು. ನಾನೂ ಬೀಗಿತ್ತಿಯವರೂ ಹೋಟೆಲಿನ ಮೆಟ್ಟಿಲ ಮೇಲೆ ನೆರಳಿನಲ್ಲಿ ಕೂತಿದ್ದೆವು. ಇದ್ದಕ್ಕಿದ್ದ ಹಾಗೆ ಅವರು ಕೈಚೀಲವನ್ನು ತಲೆಕೆಳಗೆ ಮಾಡಿ ಅಲ್ಲಾಡಿಸಿದರು. ಬಾಚಣಿಗೆ ಬಿತ್ತು. ಒಂದು ಟಿಕೆಟಿನ ಚೂರು ಬಿತ್ತು. ಅಷ್ಟೇ. ನನ್ನ ಕಡೆ ತಿರುಗಿ ಒಂದೊಂದೇ ಪದ ಹುಡುಕುತ್ತಾ ಹೇಳಿದರು:

"ಇವತ್ತು ನಾನು ದುಡ್ಡು ಕಳೆದೆ. ಎಲ್ಲಾ ದುಡ್ಡು. ಪೂರ್ತಿ."

ನಾನು ಎದ್ದು ನಿಂತೆ. "ಅಯ್ಯೋ! ಎಲ್ಲಿ?"

"ಅಲ್ಲಿ, ಇಲ್ಲಿ," ಎಂದು ಸಮುದ್ರದ ಕಡೆಗೂ ಪೇಟೆಯ ಕಡೆಗೂ ಕೈ ಬೀಸಿದರು. "ನನಗೆ ತುಂಬಾ ಸಂತೋಷ."

ಸಂತೋಷವಂತೆ! ಹಸುವಿಗೂ ಹಸಿವಿಗೂ ವ್ಯತ್ಯಾಸ ತಿಳಿಯದ ಜೀವ, ಸಂಕಟ ಎನ್ನಲು ಹೋಗಿ ಸಂತೋಷ ಎಂದಿದ್ದಾಳೆ. ಮೇಲಿಂದ ಮುಖದ ತುಂಬಾ ನಗು. ಅವರ ಕಡೆಯವರು ಇನ್ನೊಬ್ಬರ ಎದುರು ಅಳುವುದಿಲ್ಲ ಎಂದು ಮಗಳು ಹೇಳಿದ್ದು ನೆನಪಾಯಿತು. ಪರದೇಶ, ಪರಭಾಷೆ, ಕೈಯಲ್ಲಿ ಬಿಡಿಕಾಸಿಲ್ಲ, ಆದರೂ ನಗುತ್ತಾ ಕೂತಿದ್ದಾಳೆ.

ಯಾರಿಗೆ ಹೇಳಲಿ? ಮಗಳಿಗೆ ಹೇಳೋಣವೆಂದರೆ ದುಡ್ಡಿನ ಮಾತು ಎತ್ತುವಂತಿಲ್ಲ. ಅಳಿಯನಿಗೆ ಹೇಳಿ ಏನು ಪ್ರಯೋಜನ? ತಾಯಿಯ ಚಹಾದ ದುಡ್ಡು ಕೊಡದವನು ಕಳೆದುಹೋದ ದುಡ್ಡು ತುಂಬಿಕೊಡುತ್ತಾನೆಯೇ? ಗಂಡನೂ ಅಷ್ಟೇ, ಅವರದ್ದು ಅವರಿಗೆ. ಇಡೀ ಸಂಸಾರದಲ್ಲಿ ಇವಳಿಗೆ ಅಂತ ಒಬ್ಬರಿಲ್ಲ.

ಚೀಲ ಈಸಿಕೊಂಡು ನೋಡಿದೆ. ಒಳಬಟ್ಟೆ ಒಂದು ಗೇಣು ಹರಿದಿತ್ತು. ಹೊಲಿದು ಕೊಡುತ್ತೇನೆ ಎಂದು ಸನ್ನೆ ಮಾಡಿ ಕೋಣೆಗೆ ಒಯ್ದೆ. ಬಾಗಿಲು ಹಾಕಿಕೊಂಡು ನನ್ನ ಚೀಲದ ಹೊಲಿಗೆ ಬಿಚ್ಚಿದೆ. ಎಷ್ಟೋ ಹೊತ್ತು ನೋಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪೂರ್ತಿ ಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಏನೂ ಕೊಡದೆ ಊಟಕ್ಕೆ ಅವಳ ಎದುರು ಕೂರುವುದೂ ನನ್ನಿಂದಾಗದು. ಸರಿಯಾಗಿ ಅರ್ಧ ತೆಗೆದು ಅವಳ ಚೀಲದ ಒಳಬಟ್ಟೆಯ ಹಿಂದೆ, ತಾನಾಗಿ ಜಾರಿ ಹೋಗಿ ಕೂತ ಹಾಗೆ, ಸ್ವಲ್ಪ ಮುದುರಿ ಇಟ್ಟೆ. ಕೆಳಗೆ ಹೋಗಿ, "ನೋಡಿ, ಇಲ್ಲೇ ಒಳಗೆ ಸೇರ್ಕೊಂಡಿದೆ!" ಎಂದು ತೋರಿಸಿದೆ. ಅವಳು ಕಣ್ಣು ಕಣ್ಣು ಬಿಟ್ಟಳು. ಆಮೇಲೆ ಕಿರುಚಿಕೊಂಡು ನನ್ನನ್ನು ತಬ್ಬಿಕೊಂಡಳು.

ಕಳೆದದ್ದು ಸಿಕ್ಕರೆ ಯಾರಿಗಾದರೂ ಹಾಗೇ ಆಗುತ್ತದೆ. ಹರಿದದ್ದನ್ನು ಸಣ್ಣ ಹೊಲಿಗೆಯಲ್ಲಿ ಮುಚ್ಚಿಕೊಟ್ಟೆ. ಇವರಿಗೆ ಹೇಳಿಲ್ಲ. ಮಂಗಳವಾರದ ಪಾಡು ಮಂಗಳವಾರಕ್ಕೆ.

ಮಾರ್ಚ್ ೧೦, ಸೋಮವಾರ

ಬೆಳಗ್ಗೆ ತಿಂಡಿಯ ಮೇಜಿನಲ್ಲಿ ಅಳಿಯ ಚಮಚದಿಂದ ಲೋಟ ಬಡಿದ.

"ಅತ್ತೆ, ಇವತ್ತು ಯಾರೂ ಜೇಬಿಗೆ ಕೈ ಹಾಕೋ ಹಾಗಿಲ್ಲ. ನಮ್ಮ ಮದುವೆಗೆ ಬಂದಾಗ ಅಮ್ಮನ ಚೀಲದಲ್ಲಿ ದುಡ್ಡು ಜಾರಿಹೋಗಿತ್ತಂತೆ, ನಿನ್ನೆ ಸಿಕ್ತಂತೆ. ನಮ್ಮನೇಲಿ ಅಜ್ಜನ ಕಾಲದಿಂದ ಒಂದು ರೂಢಿ. ಮರೆತೇಹೋದ ದುಡ್ಡು ಸಿಕ್ರೆ ವಾಪಸ್ ಇಡಬಾರದು. ಜೊತೇಲಿರೋರ ಮೇಲೆ ಮಾರನೇ ದಿನವೇ ಖರ್ಚು ಮಾಡಿ ಮುಗಿಸಬೇಕು."

ಚಹಾದ ಲೋಟ ಕೆಳಗಿಟ್ಟೆ. ಮದುವೆಯಲ್ಲಿ ಜಾರಿದ್ದೇ? ಹಾಗಾದರೆ ನಿನ್ನೆ ಕಳೆದದ್ದು? ಕೇಳೋಣವೆಂದರೆ ಭಾಷೆ ಕೊಟ್ಟು ಕೂತಿದ್ದೇನೆ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಕ್ಕೆ. ಎಂಥ ನಗುವೋ ದೇವರಿಗೇ ಗೊತ್ತು.

ಮೊದಲು ದೋಣಿ. ಎಲ್ಲರ ಜೊತೆ ಹೋಗುವ ದೋಣಿಯಲ್ಲ, ನಮಗೆ ಆರು ಜನಕ್ಕೇ ಅಂತ ಒಂದು ಪೂರ್ತಿ ದೋಣಿ, ದೀಪಸ್ತಂಭದ ತನಕ. ಅಲ್ಲಿಗೆ ನನ್ನ ಯಂತ್ರದ ಮೋಟಾರು ಹೋಯಿತು. ದೋಣಿ ದಡ ಬಿಟ್ಟಾಗ ನನ್ನ ಪಾಲಿಗೆ ಸಮುದ್ರಕ್ಕೆ ಬೀಳುತ್ತಿದ್ದದ್ದು ಬಿಡಿಭಾಗಗಳೇ. ಮುಖ ಗಂಟು ಹಾಕಿಕೊಂಡು ಅಂಚು ಹಿಡಿದು ಕೂತಿದ್ದೆ. ಆಗ ದೊಡ್ಡದೊಂದು ಅಲೆ ಬಂತು, ದೋಣಿ ಎದ್ದು ದಬಕ್ಕನೆ ಬಿತ್ತು, ನೀರು ಹಾರಿ ನನ್ನ ಮುಖಕ್ಕೇ ಹೊಡೆಯಿತು. ಕಿರುಚಿದೆ. ಯಾರೋ ಗಹಗಹಿಸಿ ನಕ್ಕರು. ತಿರುಗಿ ನೋಡಿದರೆ ಇವರು! ಮೂವತ್ತು ವರ್ಷ ಮೇಲೆ ಕೆಳಗೆ ಓಡಾಡಿದವರು, ಇದೇನು ಮಹಾ ಎನ್ನುವ ಹಾಗೆ ಕಾಲಗಲಿಸಿ ನಿಂತಿದ್ದರು. ದೀಪಸ್ತಂಭ ಸುತ್ತಿ ದೋಣಿಯವನು ಹಿಂದಕ್ಕೆ ತಿರುಗಿಸಲು ಹೊರಟಾಗ, "ಇನ್ನೊಂದು ಸುತ್ತು ಹಾಕಪ್ಪ," ಎಂದವಳು ನಾನೇ. ಪೆಡಲು ಹೋದದ್ದು ಹಾಗೆ.

ಆಮೇಲೆ ನೀರಿನ ಪಕ್ಕದಲ್ಲೇ ಬಿಳಿ ಬಟ್ಟೆ ಹಾಸಿದ ಮೇಜಿನಲ್ಲಿ ಊಟ. ಆಮೇಲೆ ನನಗೊಂದು ಅಗಲ ಅಂಚಿನ ಟೋಪಿ. ಬೇಡ ಬೇಡವೆಂದರೂ ಕೇಳದೆ ಬೀಗಿತ್ತಿ ಹನ್ನೊಂದು ಟೋಪಿ ನನ್ನ ತಲೆಗಿಟ್ಟು ತೆಗೆದಳು. ಹನ್ನೆರಡನೆಯದು ಕನ್ನಡಿಯಲ್ಲಿ ನೋಡಿಕೊಂಡೆ, ಚೆನ್ನಾಗಿಯೇ ಇತ್ತು. ಊರಿನವರಿಗೆಲ್ಲ ಏನಾದರೂ ಒಯ್ಯಬೇಕು, ಇಪ್ಪತ್ತಮೂರು ಜನರಿದ್ದಾರೆ ಎಂದು ಮಗಳ ಕೈಲಿ ಹೇಳಿಸಿದೆ. "ಅವರು ಬಂದಿಲ್ಲವಲ್ಲ?" ಎಂದು ಆಶ್ಚರ್ಯಪಟ್ಟಳಂತೆ. ಅದಕ್ಕೇ ತಾನೇ ಒಯ್ಯುವುದು! ಇಷ್ಟು ದೊಡ್ಡ ಹೆಂಗಸಿಗೆ ಇಷ್ಟೂ ತಿಳಿಯುವುದಿಲ್ಲ.

ಕೊನೆಗೆ ದಂಡೆಯಲ್ಲಿ ಆರು ಒರಗುಕುರ್ಚಿ. ಕೂತೆ. ಯಾಕೆ ಕೂರಬಾರದು? ನನ್ನದೇ ದುಡ್ಡು. ಕಾಲು ಚಾಚಿ, ಟೋಪಿ ಮುಖದ ಮೇಲೆ ಎಳೆದುಕೊಂಡೆ. ಎದ್ದಾಗ ಸೂರ್ಯ ಇಳಿದಿದ್ದ. ಒಂದೂವರೆ ಗಂಟೆ ನಿದ್ದೆ ಮಾಡಿದ್ದೆನಂತೆ. ಹಗಲು ಹೊತ್ತು ನಾನು ನಿದ್ದೆ ಮಾಡಿದ್ದು ಮಗಳ ಬಾಣಂತನದ ನಂತರ ಇದೇ ಇರಬೇಕು, ಅಂದರೆ ಅವಳನ್ನು ನಾನು ಹೆತ್ತಾಗ.

ಪಕ್ಕದ ಕುರ್ಚಿಯಲ್ಲಿ ಬೀಗಿತ್ತಿ ಎಚ್ಚರವಾಗಿಯೇ ಇದ್ದಳು. ನನ್ನ ಬಲಗೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಊದಿದ ಹೆಬ್ಬೆರಳನ್ನು ಮೆಲ್ಲಗೆ ನೀವುತ್ತಿದ್ದಳು. ಎಷ್ಟು ಹೊತ್ತಿನಿಂದಲೋ.

ಮಾರ್ಚ್ ೧೧, ಮಂಗಳವಾರ

ಯಂತ್ರದವನ ಅಂಗಡಿಗೆ ಹೋಗುವ ದಾರಿಯಲ್ಲಿ ಇವರಿಗೆ ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ಸಿದ್ಧವಾಗಿಯೇ ಹೇಳಿದ್ದು. ಇವರು ರಸ್ತೆಯ ನಡುವೆ ನಿಂತುಬಿಟ್ಟರು.

"ಅರ್ಧಾನಾ?"

"ಹೂಂ."

"ಹಾಗಾದ್ರೆ ನಿನ್ನೆ ದೋಣಿ ನಮ್ದಾ?"

"ನಮ್ದೇ."

"ಊಟಾನೂ?"

"ಊಟಾನೂ."

ಇವರು ಅಂಗಿಯ ಕಾಲರು ಸರಿ ಮಾಡಿಕೊಂಡು, ಆ ದೋಣಿಯ ಮಾಲೀಕರೇ ತಾವು ಎನ್ನುವ ಹಾಗೆ ಮುಂದೆ ನಡೆದರು. ಈ ಗಂಡಸನ್ನು ಅರ್ಥ ಮಾಡಿಕೊಳ್ಳಲು ಇನ್ನೊಂದು ಜನ್ಮ ಬೇಕು.

ಯಂತ್ರದವನು ಒಂದು ಬಿಡಿಗಾಸೂ ಇಳಿಸಲಿಲ್ಲ. ಅರ್ಧ ದುಡ್ಡಿಗೆ ಅರ್ಧ ಯಂತ್ರ ಕೊಡಲೇ ಎಂದು ನಕ್ಕ. ನನಗೆ ಅಳು ಬಂತು. ಅಂಗಡಿ ಮುಚ್ಚುವುದೇ ಸೈ ಎಂದುಕೊಂಡು ಬಾಗಿಲ ತನಕ ಬಂದಿದ್ದೆ. ಇವರು ಒಳಗೇ ನಿಂತು ಮೂಲೆಯಲ್ಲಿ ಧೂಳು ಹಿಡಿದಿದ್ದ ಇನ್ನೊಂದು ಯಂತ್ರವನ್ನು ನೋಡುತ್ತಿದ್ದರು. ಮೋಟಾರಿಲ್ಲ, ಪೆಡಲಿಲ್ಲ, ಪಕ್ಕದಲ್ಲಿ ಕೈಯಿಂದ ತಿರುಗಿಸುವ ದೊಡ್ಡ ಚಕ್ರ.

"ಅದೂ ಚರ್ಮ ಹೊಲಿಯುತ್ತೆ, ನಿಮ್ಮ ದುಡ್ಡಿಗೂ ಬರುತ್ತೆ. ಆದ್ರೆ ಇಬ್ಬರು ಬೇಕು," ಎಂದ ಯಂತ್ರದವನು. "ಒಬ್ಬರು ಚರ್ಮ ಹಿಡೀಬೇಕು, ಒಬ್ಬರು ಚಕ್ರ ತಿರುಗಿಸ್ಬೇಕು. ಈಗಿನ ಕಾಲದಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ?"

"ನಂಗಿದೆ," ಎಂದರು ಇವರು. ತೋಳು ಮಡಚಿ ಚಕ್ರಕ್ಕೆ ಕೈ ಹಾಕಿದರು. ನಾನು ಚರ್ಮ ಹಿಡಿದೆ. ಎಂಟು ಪದರ ಆಗಲಿಲ್ಲ, ಆರು ಆಯಿತು. ನನಗೆ ಆರು ಸಾಕು.

ಮಾರ್ಚ್ ೧೨, ಬುಧವಾರ

ಇವತ್ತು ಹೊರಡುವ ದಿನ. ಸಾಮಾನೆಲ್ಲ ಹೋಟೆಲಿನ ಬಾಗಿಲಿಗೆ ಬಂದಿತ್ತು. ಮಗಳು ಯಂತ್ರ ನೋಡಿ, "ಮೋಟಾರಿಂದು ಅಂದಿದ್ದೆಯಲ್ಲಮ್ಮ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಇವರು, "ಮೋಟಾರು ದೋಣಿಗೆ ಹೋಯ್ತು," ಎಂದುಬಿಟ್ಟರು. ಇನ್ನು ಮುಚ್ಚಿಡಲು ಏನು ಉಳಿಯಿತು? ಹೇಳಿದೆ. ಅಳಿಯ ಒಂದೊಂದೇ ಮಾತು ಅವರ ಭಾಷೆಗೆ ಹೇಳುತ್ತಾ ಹೋದ. ಹೇಳುತ್ತಾ ಹೇಳುತ್ತಾ ಅವನೇ ನೆಲಕ್ಕೆ ಕೂತ.

"ಅತ್ತೆ, ಅಮ್ಮ ದುಡ್ಡು ಕಳ್ಕೊಂಡಿರಲೇ ಇಲ್ಲ! ಫೋನಲ್ಲಿ 'ಸಮಯ ಕಳೆದೆ' ಅಂತ ಕಲಿಸಿತ್ತು. ಹಾಗಾದ್ರೆ ದುಡ್ಡು ಖರ್ಚು ಮಾಡಿದ್ರೂ 'ಕಳೆದೆ' ಅಂತಾರೆ ಅಂದ್ಕೊಂಡಿದಾರೆ. ಪ್ರವಾಸಕ್ಕೆ ಅಂತ ಎತ್ತಿಟ್ಟಿದ್ದು ಸರಿಯಾಗಿ ಖಾಲಿ ಆಯ್ತು ಅಂತ ಖುಷಿಯಾಗಿ ನಿಮಗೆ ಹೇಳಿದ್ದು. ಉಳಿಸ್ಕೊಂಡು ವಾಪಸ್ ಹೋದ್ರೆ ಅವರಿಗೆ ಪ್ರವಾಸ ಸರಿಯಾಗಿ ಮಾಡಿದ ಹಾಗೇ ಅಲ್ಲ."

ಮಗಳು ಹಣೆ ಚಚ್ಚಿಕೊಂಡಳು. "ಕೇಳಬಾರದಿತ್ತಾ ಅಮ್ಮ?"

"ನೀನೇ ಭಾಷೆ ತಗೊಂಡಿದ್ದೆಯಲ್ಲ."

ಬೀಗಿತ್ತಿ ಮಾತ್ರ ನಗಲಿಲ್ಲ. ನನ್ನ ಹೆಬ್ಬೆರಳು ನೋಡಿದಳು, ಯಂತ್ರ ನೋಡಿದಳು, ಗಂಡನ ಹತ್ತಿರ ಏನೋ ಹೇಳಿ ಅವರ ಕೋಟಿನ ಒಳಜೇಬಿನಿಂದ, ತುರ್ತಿಗೆಂದು ಇಟ್ಟುಕೊಂಡಿದ್ದ ದುಡ್ಡಿನ ಲಕೋಟೆ ತೆಗೆಸಿ ನನ್ನ ಕೈಗೆ ತುರುಕಿದಳು. ಎಣಿಸದೇ ಗೊತ್ತಾಯಿತು, ಮೋಟಾರು, ಪೆಡಲು, ಮೇಜು ಎಲ್ಲಾ ಅದರಲ್ಲಿತ್ತು. ಯಂತ್ರದವನ ಅಂಗಡಿ ಎರಡು ರಸ್ತೆಯಾಚೆ. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು.

ಲಕೋಟೆಯನ್ನು ಅವಳ ಚೀಲದೊಳಗೇ ಹಾಕಿ ಜಿಪ್ಪು ಎಳೆದೆ.

"ಹೇಳಪ್ಪ ಅವಳಿಗೆ," ಎಂದೆ ಅಳಿಯನಿಗೆ. "ಇದನ್ನ ತಗೊಂಡ್ರೆ ಆ ಸೋಮವಾರಾನೇ ಅವಳದಾಗುತ್ತೆ. ನಾನು ಕೊಡಲ್ಲ. ಹುಟ್ಟಿದಾಗಿಂದ ನಾನು ಸುಮ್ಸುಮ್ನೆ ಖರ್ಚು ಮಾಡಿರೋದು ಅದೊಂದೇ ದಿನ. ಅದು ನಂದು."

ಅಳಿಯ ಹೇಳಿದ. ಬೀಗಿತ್ತಿ ನೆಟ್ಟಗೆ ನಿಂತು, ಕೂದಲು ಸರಿ ಮಾಡಿಕೊಂಡು, ನನ್ನ ಎರಡೂ ಕೈ ಹಿಡಿದುಕೊಂಡಳು. "ದೋಣಿಗೆ ಥ್ಯಾಂಕ್ಸ್," ಎಂದಳು. "ಊಟಕ್ಕೆ ಥ್ಯಾಂಕ್ಸ್. ಕುರ್ಚಿಗೆ ಥ್ಯಾಂಕ್ಸ್." ಸಿಕ್ಕ ದುಡ್ಡೆಂದು ಸೋಮವಾರ ಯಾರೂ ಯಾರಿಗೂ ಥ್ಯಾಂಕ್ಸ್ ಹೇಳಿರಲಿಲ್ಲ. ಅವಳ ಹಿಂದೆ ಬೀಗರು ಬಂದು ನಿಂತರು, ತಲೆ ಬಾಗಿಸಿ ಅವರ ಭಾಷೆಯಲ್ಲೇ ಹೇಳಿದರು. ಆಮೇಲೆ ಅಳಿಯ. ಆಮೇಲೆ ಮಗಳು, ಅಳುತ್ತಾ.

ನಮ್ಮ ಮನೆಯಲ್ಲಿ ಒಬ್ಬರಿಗೊಬ್ಬರು ಥ್ಯಾಂಕ್ಸ್ ಹೇಳಿಕೊಳ್ಳುವ ರೂಢಿಯಿಲ್ಲ. ಹೇಳಿದರೆ ಪರಕೀಯರಿಗೆ ಹೇಳಿದ ಹಾಗೆ ಎಂದು ಮುಜುಗರ. ಸಾಕು ಸಾಕು ಎನ್ನುತ್ತಾ ಕಣ್ಣೊರೆಸಿಕೊಂಡು ನೋಡುತ್ತೇನೆ, ಮಗಳ ಹಿಂದೆ ಸಾಲಿನ ಕೊನೆಯಲ್ಲಿ ಇವರೂ ನಿಂತಿದ್ದಾರೆ, ಲಿಫ್ಟಿಗೆ ಕಾಯುವವರ ಹಾಗೆ ಕೈಕಟ್ಟಿಕೊಂಡು. ತಮ್ಮ ಸರದಿ ಬಂದಾಗ ಒಂದು ಹೆಜ್ಜೆ ಮುಂದೆ ಬಂದರು.

"ದೋಣಿಗೆ ಥ್ಯಾಂಕ್ಸ್ ಕಣೇ," ಎಂದರು. "ಎರಡನೇ ಸುತ್ತಿಗೂ."

ಮೂವತ್ತನಾಲ್ಕು ವರ್ಷದಲ್ಲಿ ಇವರ ಬಾಯಿಂದ ಆ ಮಾತು ಕೇಳಿದ್ದು ಇದೇ ಮೊದಲು. ಇರಲಿ ಬಿಡಿ ಎಂದೆ.